ಸದ್ದಿನ ಕಾರು, ಸದ್ದಿಲ್ಲದ ವಿಷ

ಈ ವಾರ ಕಾರಿನ ಸೈಲೆನ್ಸರಿನ ಬಗ್ಗೆ ಬರೆಯುತ್ತೇನೆಂದರೆ ಓದುಗರಲ್ಲಿ ಕೆಲವರು ಹುಬ್ಬೇರಿಸಿಯಾರು. ಗಡಿನಾಡಿನ ಪುಟದಲ್ಲಿ ಶಾಲೆಯ ಮಾತಿಲ್ಲ, ಕಡತದ ಮಾತಿಲ್ಲ, ಇದೆಂತಹ ಸಂಪಾದಕೀಯ ಎಂದು ಕೇಳಿಯಾರು. ಆದರೆ ಕಾಸರಗೋಡಿನ ನಮ್ಮ ಕಡೆಯಲ್ಲಿ ಕಾರು ಎಂಬುದು ಶೋಕಿಯ ವಸ್ತುವಾಗಿ ಉಳಿದಿಲ್ಲ. ದೊಡ್ಡ ಕಾಯಿಲೆಯೆಂದರೆ ಮಂಗಳೂರು ಎಂಬ ಸ್ಥಿತಿ ಇರುವ ತನಕ ಪ್ರತಿ ಮನೆಯ ಹಳೆಯ ಕಾರೂ ಅರ್ಧ ಆಂಬುಲೆನ್ಸೇ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಇದು ಎಲ್ಲರಿಗೂ ಅರ್ಥವಾಯಿತು. ಆ ಕಾರಿನ ಅಡಿಯಲ್ಲಿ ತೂಗಾಡುವ ಒಂದು ತುಕ್ಕು ಹಿಡಿದ ಕೊಳವೆ ನನ್ನ ತಾಯಿಯ ಪ್ರಾಣಕ್ಕೆ ಸಂಚಕಾರ ತರುವುದರಲ್ಲಿತ್ತು. ಆದುದರಿಂದ ಬರೆಯುತ್ತಿದ್ದೇನೆ.

ನಮ್ಮದು ಉಪ್ಪಳದ ಹತ್ತಿರದ ಮನೆ. ಸಮುದ್ರದ ಮೊರೆತ ರಾತ್ರಿ ಕೇಳಿಸುವಷ್ಟು ದೂರ. ಅಮ್ಮನಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಸುಮಾರು 30 ಕಿಲೋಮೀಟರ್ ದಾರಿ, ನನ್ನ 2010ರ ಮೋಡೆಲಿನ ಆಲ್ಟೋ ಕಾರು. 2025ರ ಮಳೆಗಾಲ ಮುಗಿಯುವ ಹೊತ್ತಿಗೆ ಕಾರು ಸ್ವಲ್ಪ ಗುರುಗುಟ್ಟಲು ಸುರುಮಾಡಿತು. ಒಂದು ವರ್ಕ್‌ಶಾಪಿನಲ್ಲಿ (ಹೆಸರು ಬೇಡ, ಅವರದ್ದೂ ಹೊಟ್ಟೆಪಾಡು) ತೋರಿಸಿದೆ. ಅವರು ತಗಡು ಸುತ್ತಿ, ತಂತಿ ಬಿಗಿದು, ಮೇಲಿಂದ ಎಂತದೋ ಪೇಸ್ಟ್ ಮೆತ್ತಿ, “ಇನ್ನು ಎರಡು ವರ್ಷ ತೊಂದರೆ ಇಲ್ಲ ಸಾರ್” ಎಂದು ಕಳುಹಿಸಿದರು. ಸದ್ದು ಕಡಿಮೆಯಾಯಿತು. ನನಗೆ ಸಮಾಧಾನವೂ ಆಯಿತು.

ಆಮೇಲೆ ಕೆಲವು ದಿನಗಳಲ್ಲಿ ಅಮ್ಮ ಒಂದು ಮಾತು ಹೇಳತೊಡಗಿದರು. “ಮಗಾ, ಹೋಗುವಾಗಲೇ ತಲೆ ಸಿಡೀತದೆ, ತಲಪಾಡಿ ದಾಟುವಾಗ ವಾಂತಿ ಬಂದ ಹಾಗೆ ಆಗ್ತದೆ.” ಡಯಾಲಿಸಿಸ್ ಆದ ಮೇಲೆ ಸುಸ್ತಾಗುವುದು ಸಹಜ, ಆದರೆ ಹೋಗುವಾಗಲೇ ಯಾಕೆ? ಎ.ಸಿ. ಹಾಕಿ ಗಾಜು ಏರಿಸಿದ್ದರಿಂದ ಹಾಗಾಯಿತೋ ಏನೋ ಎಂದುಕೊಂಡೆ. ಮನೆಯವಳಿಗೂ ಒಂದು ದಿನ ಹಾಗೆಯೇ ಆಯಿತು. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರರು ಕೇಳಿದ ಪ್ರಶ್ನೆ ಒಂದೇ: “ನಿಮ್ಮ ಕಾರು ಹಳತಾ? ಸೈಲೆನ್ಸರ್ ಸರಿ ಉಂಟಾ?” ಕಾಯಿಲೆಯ ಮಾತಿನ ನಡುವೆ ಇದೆಂತಹ ಪ್ರಶ್ನೆ ಎಂದು ನಾನು ಮುಖ ನೋಡಿದೆ. ಅವರು ವಿವರಿಸಿದ ಮೇಲೆ ಕೈಕಾಲು ತಣ್ಣಗಾಯಿತು.

ಪೆಟ್ರೋಲು ಪೂರ್ತಿ ಉರಿಯದೆ ಹೋದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕೆ ಅಂಟಿಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ಮೂತ್ರಪಿಂಡದ ರೋಗಿಗಳಿಗೆ ರಕ್ತಹೀನತೆ ಸಾಮಾನ್ಯ. ಇರುವ ಸ್ವಲ್ಪ ಹಿಮೋಗ್ಲೋಬಿನ್ನನ್ನೂ ವಿಷ ಕಸಿದುಕೊಂಡರೆ ಉಳಿಯುವುದೇನು? ತಲೆನೋವು, ಓಕರಿಕೆ, ಮಂಪರು, ಕಡೆಗೆ ಎಚ್ಚರ ತಪ್ಪುವುದು. ಮಂಪರು ಬಂದವನಿಗೆ ಅದು ನಿದ್ದೆ ಎಂದೇ ಅನಿಸುತ್ತದೆ. 2024ರ ಡಿಸೆಂಬರಿನಲ್ಲಿ ವಡಗರೆಯ ಬಳಿ ರಸ್ತೆ ಬದಿಯಲ್ಲಿ ನಿಲ್ಲಿಸಿದ್ದ ಕ್ಯಾರವಾನ್ ವಾಹನದೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನ ಹೊಗೆ ಒಳಗೆ ಸೇರಿ ಈ ಅನಿಲವೇ ಅವರನ್ನು ಕೊಂದಿತೆಂದು ಪರಿಶೀಲಿಸಿದ ತಜ್ಞರು ಹೇಳಿದರು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿ “ಅಯ್ಯೋ ಪಾಪ” ಎಂದು ಪುಟ ಮಗುಚಿದವರಲ್ಲಿ ನಾನೂ ಒಬ್ಬ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನನ್ನ ಕಾರಿಗೆ ಆಗ ಹೊಗೆ ತಪಾಸಣೆಯ ಸರ್ಟಿಫಿಕೇಟು ಇತ್ತು, ಅವಧಿಯೂ ಮುಗಿದಿರಲಿಲ್ಲ. ಆ ತಪಾಸಣೆಯಲ್ಲಿ ಬಾಲದ ಕೊಳವೆಯ ತುದಿಗೆ ಸಲಾಕೆ ತೂರಿಸಿ ಅಳೆಯುತ್ತಾರೆ. ಹೊಗೆ ನಡುದಾರಿಯಲ್ಲೇ ತೂತಿನಿಂದ ಹೊರಗೆ ಹೋಗಿ, ಅದೇ ತೂತಿನಿಂದ ಗಾಳಿ ಒಳಗೆ ಬಂದು ಬೆರೆತರೆ ತುದಿಯಲ್ಲಿ ಸಿಗುವ ಲೆಕ್ಕ ಚಂದವಾಗಿಯೇ ಇರುತ್ತದೆ. ಕಾಗದ ಸರಿ ಉಂಟು ಎಂದು ಕಾರು ಸರಿ ಉಂಟೆಂದು ತಿಳಿಯುವುದು ನಮ್ಮ ದೇಶದ ಹಳೆಯ ಕಾಯಿಲೆ.

ಕಾರನ್ನು ಎತ್ತಿ ನೋಡಿದರೆ ನಿಜ ಸಂಗತಿ ಗೊತ್ತಾಯಿತು. ಸುತ್ತಿದ ತಗಡಿನ ಅಡಿಯಲ್ಲಿ ಕೊಳವೆಯೇ ಇಲ್ಲ, ಬರೀ ತುಕ್ಕಿನ ಪುಡಿ. ಎಂಜಿನಿನ ಹತ್ತಿರದ ಜೋಡಣೆಯಲ್ಲಿ ಗ್ಯಾಸ್ಕೆಟ್ ಸುಟ್ಟು ಕರಿಕಲಾಗಿತ್ತು. ಅಲ್ಲಿಂದ ಸೋರಿದ ಹೊಗೆ ಬಾನೆಟ್ಟಿನ ಸಂದಿಯಿಂದ ಗಾಳಿಯ ದಾರಿ ಹಿಡಿದು ಒಳಗೆ ಬರುತ್ತಿತ್ತು. ಹಿಂದಿನ ಸೀಟಿನ ಅಡಿಯ ನೆಲದಲ್ಲಿಯೂ ಎರಡು ಬೆರಳು ತೂರುವಷ್ಟು ತೂತು. ಅಮ್ಮ ಕೂರುವುದು ಅದೇ ಸೀಟಿನಲ್ಲಿ.

ನಮ್ಮ ಕಡೆಯಲ್ಲಿ ಸೈಲೆನ್ಸರ್ ಬೇಗ ಸಾಯುವುದಕ್ಕೆ ಹೊರಗಿನ ಶತ್ರು ಒಂದು, ಒಳಗಿನ ಶತ್ರು ಇನ್ನೊಂದು. ಹೊರಗಿನದ್ದು ಎಲ್ಲರಿಗೂ ಗೊತ್ತು: ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನ ಮಳೆ, ಮೇಲಿಂದ ಉಪ್ಪುಗಾಳಿ. ಒಳಗಿನ ಶತ್ರುವನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಕೊಳವೆ ಚೆನ್ನಾಗಿ ಕಾದು ಆ ಆವಿ ಹೊರಗೆ ಹೋಗುತ್ತದೆ. ಹಾಲಿಗೆ, ಪೇಪರಿಗೆ, ಸೊಸೈಟಿಗೆಂದು ಎರಡೆರಡು ಕಿಲೋಮೀಟರು ಓಡಿಸಿ ನಿಲ್ಲಿಸಿದರೆ ಅದು ಡಬ್ಬಿಯೊಳಗೇ ನೀರಾಗಿ ನಿಲ್ಲುತ್ತದೆ, ಅದಕ್ಕೆ ಹುಳಿ ಸೇರುತ್ತದೆ, ಒಳಗಿಂದಲೇ ತಿನ್ನುತ್ತದೆ. ಸೈಲೆನ್ಸರಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುವುದು ಈ ನೀರು ಬಸಿದು ಹೋಗಲಿಕ್ಕೆ. “ಲೀಕ್ ಉಂಟು” ಎಂದು ಅದನ್ನೇ ಮುಚ್ಚಿಸಿಕೊಂಡ ಮಹನೀಯರನ್ನು ನಾನು ಬಲ್ಲೆ.

ಇನ್ನು ಹೊಸತು ಹಾಕಿಸುವ ಪ್ರಶ್ನೆ. ಕಂಪನಿಯ ಒರಿಜಿನಲ್ ಮಾಲಿಗೆ ಹೇಳಿದ ಬೆಲೆ ಕೇಳಿ, ಹದಿನೈದು ವರ್ಷದ ಕಾರಿಗೆ ಇಷ್ಟೊಂದೇ ಎಂದು ಹಿಂದೆ ಬಂದೆ. ಹೊರಗಿನ ತಯಾರಿಕೆಯದ್ದು, ನಮ್ಮವರು ‘ಲೋಕಲ್’ ಎಂದು ಕರೆಯುವಂಥದ್ದು, ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತದೆ. ಲೋಕಲ್ ಎಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ. ಒಳ್ಳೆಯದೂ ಇದೆ, ಬರೀ ತಗಡಿಗೆ ಬೆಳ್ಳಿ ಬಣ್ಣ ಹೊಡೆದದ್ದೂ ಇದೆ. ಅಂಗಡಿಯಲ್ಲಿ ಕೆಲವರು ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುತ್ತಾರೆ, ಅಂಟಿದರೆ ಸ್ಟೇನ್‌ಲೆಸ್ ಅಲ್ಲ ಎನ್ನುತ್ತಾರೆ. ಅದು ಪೂರ್ತಿ ಸರಿಯಲ್ಲ. ಕಾರಿನ ಹೊಗೆ ಕೊಳವೆಗೆ ಹೆಚ್ಚಾಗಿ ಬಳಸುವ 409 ನಂಬರಿನ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಅಂಟುತ್ತದೆ. ಅಡುಗೆ ಪಾತ್ರೆಯ 304ಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ. ಅಲ್ಯೂಮಿನಿಯಂ ಲೇಪದ ಉಕ್ಕಿನದ್ದು ಮಧ್ಯಮ ದರದಲ್ಲಿ ಬರುತ್ತದೆ, ಲೇಪ ಗೀಚಿ ಹೋಗದಿದ್ದರೆ ನಮ್ಮ ಹವೆಗೆ ಸಾಕು. ಕೈಯಲ್ಲಿ ತೂಗಿ ನೋಡುವುದು, ವೆಲ್ಡಿಂಗಿನ ಗೆರೆಯಲ್ಲಿ ತೂತು ಉಂಟೋ ಎಂದು ಬೆಳಕಿಗೆ ಹಿಡಿಯುವುದು, ಹಳೆಯದರ ಪಕ್ಕದಲ್ಲಿಟ್ಟು ಬೆಂಡು ಸರಿ ಹೊಂದುತ್ತದೋ ಎಂದು ಅಳೆಯುವುದು, ಇಷ್ಟು ಮಾಡಿದರೆ ಅರ್ಧ ಮೋಸ ತಪ್ಪುತ್ತದೆ.

ಒಂದು ಅಂಗಡಿಯವರು ನನಗೆ ಬೇರೆಯೇ ಆಸೆ ತೋರಿಸಿದರು. “ಹಳೆಯ ಕನ್ವರ್ಟರನ್ನು ನಮಗೆ ಕೊಡಿ, ಆ ಜಾಗಕ್ಕೆ ಪೈಪ್ ಹಾಕಿ ಕೊಡ್ತೇವೆ. ಸೈಲೆನ್ಸರಿಗೆ ದುಡ್ಡೇ ಬೇಡ.” ದುಡ್ಡೇ ಬೇಡ ಎಂಬ ಮಾತು ಕೇಳಿ ಒಂದು ಗಳಿಗೆ ಮನಸ್ಸು ಹೊಯ್ದಾಡಿದ್ದು ನಿಜ. ಆ ಕನ್ವರ್ಟರಿನೊಳಗೆ ಜೇನುಗೂಡಿನಂಥ ಪಿಂಗಾಣಿಯ ಗಟ್ಟಿ ಇದೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಕಾದ ಮೇಲೆ, ಸುಮಾರು 300 ಡಿಗ್ರಿ ದಾಟಿದ ಮೇಲೆ, ಅದು ಕಾರ್ಬನ್ ಮಾನಾಕ್ಸೈಡನ್ನು ಇಂಗಾಲದ ಡೈಆಕ್ಸೈಡ್ ಆಗಿ ಬದಲಾಯಿಸುತ್ತದೆ. ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದು 1995ರ ಏಪ್ರಿಲಿನಲ್ಲಿ ಕಡ್ಡಾಯವಾಯಿತು. ಸೀಸ ಬೆರೆಸಿದ ಪೆಟ್ರೋಲು ಈ ಲೇಪವನ್ನು ಕೆಡಿಸುತ್ತದೆಂಬುದೂ ಸೀಸರಹಿತ ಪೆಟ್ರೋಲು ಬಂದ ಕಾರಣಗಳಲ್ಲಿ ಒಂದು. ಅಂದರೆ ನನ್ನ ತಾಯಿಗೆ ವಿಷವುಣಿಸುತ್ತಿದ್ದ ಅನಿಲವನ್ನು ಕೊಲ್ಲುವ ಒಂದೇ ಒಂದು ಭಾಗವನ್ನು ಬಿಟ್ಟುಕೊಟ್ಟು, ಬದಲಿಗೆ ಒಂದು ಡಬ್ಬಿ ತರುವ ವ್ಯಾಪಾರ. ಎಷ್ಟು ಮನೆಯ ಕಾರುಗಳು ಹೀಗೆ ಒಳಗಿನ ತಿರುಳನ್ನು ಕಳೆದುಕೊಂಡು ಓಡುತ್ತಿವೆಯೋ! ಹೆಚ್ಚಿನ ಮಾಲಕರಿಗೆ ತಾವು ಏನು ಕೊಟ್ಟೆವೆಂಬುದೇ ತಿಳಿದಿರಲಿಕ್ಕಿಲ್ಲ.

ಕಡೆಗೆ ಮಾಲು ನಾವೇ ತಂದು ಮನೆಯಲ್ಲೇ ಹಾಕುವುದೆಂದು ತೀರ್ಮಾನಿಸಿದ್ದು ನನ್ನ ತಂಗಿಯ ಮಗನ ಧೈರ್ಯದಿಂದ. ಪಾಲಿಟೆಕ್ನಿಕ್ಕಿನಲ್ಲಿ ಕಲಿಯುವ ಹುಡುಗ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವನದ್ದು ಸುರುವಿಗೇ ಬೇರೆ ರಾಗ. “ಮಾವ, ಹೇಗೂ ಬಿಚ್ತೇವಲ್ಲ, ಫ್ರೀ ಫ್ಲೋ ಹಾಕುವಾ. ಸೌಂಡೂ ಬರ್ತದೆ, ಪಿಕಪ್ಪೂ ಬರ್ತದೆ.”

“ಅಜ್ಜಿಯನ್ನು ಡಯಾಲಿಸಿಸ್‌ಗೆ ಕೊಂಡುಹೋಗಲಿಕ್ಕೆ ಪಿಕಪ್ ಎಂತಕ್ಕೆ ಮಾರಾಯ?” ಎಂದೆ. ಅವನು ನಕ್ಕ, ಆದರೆ ಒಪ್ಪಲಿಲ್ಲ. ಒಪ್ಪದ ಹುಡುಗರು ನಮ್ಮ ಊರಿನಲ್ಲಿ ಬಹಳ ಇರುವುದರಿಂದ ಈ ಪಿಕಪ್ಪಿನ ವಿಷಯವನ್ನು ಸ್ವಲ್ಪ ಹೇಳಿಯೇ ಮುಂದೆ ಹೋಗುತ್ತೇನೆ.

ಸೈಲೆನ್ಸರಿನ ಒಳಗೆ ತೂತು ತೂತಿನ ಕೊಳವೆಗಳು, ನಡುಗೋಡೆಗಳು, ಕೆಲವದರಲ್ಲಿ ನಾರಿನ ತುಂಬುವಿಕೆ ಇರುತ್ತವೆ. ಎಂಜಿನಿನಿಂದ ಬಡಿಬಡಿದು ಬರುವ ಹೊಗೆ ಅಲ್ಲಿ ಹರಡಿ, ತಿರುಗಿ, ಶಬ್ದದ ಅಲೆಗಳು ಒಂದನ್ನೊಂದು ತಿಂದುಕೊಂಡು ತಣ್ಣಗಾಗುತ್ತವೆ. 1897ರಲ್ಲಿ ಅಮೆರಿಕದ ಇಂಡಿಯಾನಾದ ರೀವ್ಸ್ ಸಹೋದರರು ಇಂಥದ್ದಕ್ಕೆ ಪೇಟೆಂಟ್ ಪಡೆದರು. ಮೂಲತತ್ವ ಇಂದಿಗೂ ಹೆಚ್ಚು ಬದಲಾಗಿಲ್ಲ. ರೇಸಿನ ಎಂಜಿನಿಗೆ ಹೊಗೆ ಸಲೀಸಾಗಿ ಹೊರಗೆ ಹೋದರೆ ಲಾಭ ಉಂಟು, ನಿಜ. ಆದರೆ 800 ಸಿ.ಸಿ.ಯ ಮೂರು ಸಿಲಿಂಡರಿನ ಕಾರಿಗೆ, ಅದೂ ಇಂಧನದ ಲೆಕ್ಕವನ್ನು ಕಂಪ್ಯೂಟರ್ ಡಬ್ಬಿಯೇ ನೋಡಿಕೊಳ್ಳುವಾಗ, ಬರೀ ಹಿಂದಿನ ಡಬ್ಬಿ ಬದಲಿಸಿದರೆ ಸಿಗುವ ಶಕ್ತಿ ನಾಮಕಾವಸ್ತೆ. ದೊಡ್ಡ ಕೊಳವೆ ಹಾಕಿದರೆ ಏರಿನಲ್ಲಿ ಎಳೆತ ಕಡಿಮೆಯಾಗುವುದೂ ಉಂಟು. ಕಿವಿಗೆ ಸದ್ದು ಜಾಸ್ತಿಯಾದ ಕಾರಣ ಕಾರು ವೇಗ ಹೋದ ಹಾಗೆ ಕಾಣುತ್ತದೆ, ಅಷ್ಟೆ.

ಕಾನೂನು ಏನು ಹೇಳುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದಂತೆ ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಕಾರುಗಳ ಸದ್ದಿಗೆ ತಯಾರಿಕೆಯ ಹಂತದಲ್ಲಿ 2005ರ ಏಪ್ರಿಲಿನಿಂದ 74 ಡೆಸಿಬೆಲ್ ಮಿತಿ. ಡೆಸಿಬೆಲ್ ಎಂಬುದು ರೂಪಾಯಿ ಪೈಸೆಯ ಲೆಕ್ಕದಂತಲ್ಲ. ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು. 1988ರ ಕಾಯಿದೆಯ 52ನೆಯ ಸೆಕ್ಷನ್ ಮೂಲ ತಯಾರಿಕೆಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಸೆಕ್ಷನ್ನಿಗೆ ಬಿಗಿಯಾದ ಅರ್ಥ ಕೊಟ್ಟದ್ದು ನಮ್ಮ ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದೆ ಬದಲಾವಣೆ ಮಾಡಿದ ಮಾಲಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಸಜೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದ ವಾಹನ ಓಡಿಸಿದರೆ ಮೊದಲ ಸಲವೇ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಸಜೆ, ಮೂರು ತಿಂಗಳು ಲೈಸೆನ್ಸೂ ಇಲ್ಲ. ನನ್ನ ತಿಳಿವಳಿಕೆಯಲ್ಲಿ, ಹಾಳಾದ ಸೈಲೆನ್ಸರಿನ ಜಾಗಕ್ಕೆ ಅದೇ ಮಾದರಿಯ, ಅಷ್ಟೇ ಸದ್ದಿನ ಇನ್ನೊಂದನ್ನು ಹಾಕುವುದು ರಿಪೇರಿ. ಮೊದಲಿನದಕ್ಕಿಂತ ಜಾಸ್ತಿ ಸದ್ದಿನದ್ದು ಹಾಕುವುದು, ಕನ್ವರ್ಟರ್ ಕಿತ್ತುಹಾಕುವುದು ರಿಪೇರಿಯಲ್ಲ.

ಹುಡುಗನಿಗೆ ಈ ದಂಡದ ಲೆಕ್ಕ ಹೇಳಿದಾಗ ಅವನು ಬಾಯಿ ಮುಚ್ಚಿದ. ಹೆದರಿಕೆಯಿಂದಲೋ, ಅಜ್ಜಿಯ ಮೇಲಿನ ಪ್ರೀತಿಯಿಂದಲೋ ಹೇಳಲಾರೆ.

ಕೆಲಸಕ್ಕೆ ಆದಿತ್ಯವಾರ ಬೆಳಿಗ್ಗೆ ಗೊತ್ತುಮಾಡಿದೆವು. ಶನಿವಾರ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ನಟ್ಟು ಬೋಲ್ಟುಗಳಿಗೆ ಬಿಟ್ಟು ಇಟ್ಟಿದ್ದೆವು. ಎಂಜಿನ್ ರಾತ್ರಿಯಿಡೀ ತಣಿದಿರಬೇಕು. ಓಡಿಸಿ ಬಂದ ಕೊಳವೆಗೆ ಕೈ ಹಾಕಿದರೆ ಚರ್ಮ ಅಲ್ಲೇ ಉಳಿದೀತು. ಕಾರನ್ನು ಶೆಡ್ಡಿನಿಂದ ಹೊರಗೆ, ಸಿಮೆಂಟು ಹಾಕಿದ ಸಪಾಟು ಅಂಗಳಕ್ಕೆ ತಂದೆವು. ಇಲ್ಲಿಯೇ ನಾನು ಮೊದಲ ತಪ್ಪು ಮಾಡುತ್ತಿದ್ದೆ.

ನಮ್ಮ ಕಡೆಯ ಯಾವ ಮನೆಯ ಹಿಂದೆ ಹೋದರೂ ನಾಲ್ಕು ಕೆಂಪುಕಲ್ಲು ಬಿದ್ದಿರುತ್ತದೆ. ಜಾಕಿ ಕೊಟ್ಟು ಕಾರನ್ನು ಎತ್ತಿ, ಅಡಿಗೆ ಕಲ್ಲು ಕೊಟ್ಟರಾಯಿತು ಎಂದು ನಾನು ಎರಡು ಕಲ್ಲು ಹೊತ್ತು ತಂದೆ. ಹುಡುಗ ತಡೆದ. “ಮಾವ, ಈ ಕಲ್ಲು ಗೋಡೆಗೆ ಆಗ್ತದೆ, ಕಾರಿಗೆ ಆಗುದಿಲ್ಲ. ಒಂದೇ ಕಡೆ ಭಾರ ಬಿದ್ರೆ ಪುಡಿ ಆಗ್ತದೆ. ನಾವು ಅಡಿಯಲ್ಲಿ ಇರ್ತೇವೆ.” ಅವನ ಮಾತು ಸರಿ. ಕೆಂಪುಕಲ್ಲು, ಟೊಳ್ಳು ಸಿಮೆಂಟು ಬ್ಲಾಕು, ಇಟ್ಟಿಗೆ, ಯಾವುದೂ ಆಗದು. ಕಾರಿನ ಜೊತೆ ಬರುವ ಕತ್ತರಿ ಜಾಕಿ ಚಕ್ರ ಬದಲಿಸಲಿಕ್ಕೆ ಮಾತ್ರ. ಅದೊಂದರ ನಂಬಿಕೆಯಲ್ಲಿ ಅಡಿಗೆ ತೂರುವುದೆಂದರೆ ಹಗ್ಗವಿಲ್ಲದೆ ಬಾವಿಗೆ ಇಳಿದ ಹಾಗೆ. ಮೂರು ಕಾಲಿನ ಉಕ್ಕಿನ ಸ್ಟ್ಯಾಂಡುಗಳನ್ನು ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತಂದೆವು. ಎತ್ತಿದ ಮೇಲೆ ಕಾರನ್ನು ಕೈಯಿಂದ ಚೆನ್ನಾಗಿ ಅಲುಗಿಸಿ ನೋಡಿ, ನೆಲದ ಮೇಲಿದ್ದ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟೆವು. ನನ್ನ ಕಲ್ಲು ಆ ಕೆಲಸಕ್ಕೆ ಬಂತು. ಮನೆಯವಳಿಗೆ ಅಂಗಳ ಬಿಟ್ಟು ಹೋಗಬಾರದೆಂದು ಹೇಳಿದೆವು, ಅಡಿಯಲ್ಲಿ ಇರುವವನಿಗೆ ಏನಾದರೂ ಆದರೆ ಕೂಗಲಿಕ್ಕೆ ಮೇಲೆ ಒಬ್ಬರು ಬೇಕು.

ಬಿಚ್ಚುವುದು ಜೋಡಿಸುವುದಕ್ಕಿಂತ ಕಷ್ಟ. ಮುಂದಿನ ಫ್ಲೇಂಜಿನ ಎರಡು ಬೋಲ್ಟಿನಲ್ಲಿ ಒಂದು ಎಣ್ಣೆಗೆ ಕರಗಿ ತಿರುಗಿತು, ಇನ್ನೊಂದು ‘ಟಕ್’ ಎಂದು ತುಂಡಾಯಿತು. ಕಣ್ಣಿಗೆ ಕನ್ನಡಕ ಇಲ್ಲದಿದ್ದರೆ ತುಕ್ಕಿನ ಹರಳು ನೇರ ಕಣ್ಣಿಗೇ. ಹಿಂದಿನ ತುದಿಯಲ್ಲಿ ಕೊಳವೆ ಕೊಳವೆಗೆ ಕಚ್ಚಿಕೊಂಡಿತ್ತು. ಗ್ರೈಂಡರ್ ಹಿಡಿದರೆ ಎರಡು ನಿಮಿಷದ ಕೆಲಸ, ಆದರೆ ಪೆಟ್ರೋಲ್ ಟ್ಯಾಂಕು ಒಂದು ಮೊಳದ ಆಚೆ. ಕಿಡಿ ಹಾರಿದರೆ? ಹ್ಯಾಕ್ಸಾದಲ್ಲಿ ಕೊಯ್ದೆವು. ನಲ್ವತ್ತು ನಿಮಿಷ ಹಿಡಿಯಿತು, ನನ್ನ ಭುಜ ಇನ್ನೂ ಸರಿಯಾಗಿಲ್ಲ. ಸೈಲೆನ್ಸರನ್ನು ತೂಗುಹಾಕುವ ರಬ್ಬರು ಬಳೆಗಳನ್ನು ಸೋಪಿನ ನೀರು ಹಚ್ಚಿ ಜಾರಿಸಿದೆವು. ಎಂಜಿನ್ ಆಯಿಲ್ ಹಚ್ಚುವವರಿದ್ದಾರೆ, ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಕೊನೆಯ ಬಳೆ ಬಿಡುವಾಗ ಇಡೀ ಡಬ್ಬಿ ಎದೆಯ ಮೇಲೆ ಬೀಳದಂತೆ ಅಡಿಗೆ ಒಂದು ಗೋಣಿಯ ಮೂಟೆ ಇಟ್ಟಿದ್ದೆವು.

ಹೊಸದನ್ನು ಹಾಕುವಾಗ ಒಂದು ಗುಟ್ಟು ಉಂಟು, ಅದನ್ನು ಹುಡುಗ ಕಲಿಸಿದ. ಯಾವುದನ್ನೂ ಮೊದಲೇ ಬಿಗಿಯಬಾರದು. ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ಕೈಯಿಂದ ಮಾತ್ರ ತಿರುಗಿಸಿ, ರಬ್ಬರುಗಳಿಗೆ ತೂಗುಹಾಕಿ, ಇಡೀ ಸಾಲು ತನ್ನ ಜಾಗ ತಾನೇ ಹುಡುಕಿಕೊಳ್ಳಲು ಬಿಡಬೇಕು. ಆಮೇಲೆ ಎಂಜಿನಿನ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತಾ ಬರಬೇಕು. ನಮ್ಮ ಲೋಕಲ್ ಮಾಲಿನ ಬೆಂಡು ಅರ್ಧ ಇಂಚು ತಪ್ಪಿತ್ತು. ಹಿಂದಿನ ಆಕ್ಸಿಲಿಗೆ ತಾಗುವಂತಿತ್ತು. ಎಳೆದು ಬಿಗಿದಿದ್ದರೆ ಕೂತೇ ಕೂರುತ್ತಿತ್ತು, ಆರು ತಿಂಗಳಲ್ಲಿ ವೆಲ್ಡಿಂಗ್ ಬಿಡುತ್ತಿತ್ತು. ಜೋಡಣೆಯನ್ನು ಸ್ವಲ್ಪ ತಿರುಗಿಸಿ, ಮತ್ತೆ ಬಿಚ್ಚಿ, ಮತ್ತೆ ಹಾಕಿ, ಮಧ್ಯಾಹ್ನದ ಊಟ ಮೂರು ಗಂಟೆಗೆ. ಹೊಗೆ ಕೊಳವೆಗೂ ಪೆಟ್ರೋಲಿನ ಕೊಳವೆಗೂ ನಡುವೆ ಕನಿಷ್ಠ 35 ಮಿಲಿಮೀಟರ್ ಅಂತರ ಇರಬೇಕೆಂದು ನಿಯಮವೇ ಇದೆ. ಸ್ಕೇಲು ಹಿಡಿದು ಅಳೆದೆ. ಹುಡುಗ ನಕ್ಕರೂ ಅಳೆದೆ.

ಎಂಜಿನ್ ಸುರುಮಾಡಿದಾಗ ಹೊಸ ಕೊಳವೆಗೆ ಹಚ್ಚಿದ ಎಣ್ಣೆ ಸುಟ್ಟು ಸ್ವಲ್ಪ ಹೊಗೆ ಬಂತು. ಅದಕ್ಕೇ ಹೇಳಿದ್ದು, ಶೆಡ್ಡಿನ ಹೊರಗೆ, ಬಯಲಿನಲ್ಲಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ಪರೀಕ್ಷೆ ಮಾಡುವುದು ಆತ್ಮಹತ್ಯೆಗೆ ಸಮ. ಕೊಳವೆ ತಣ್ಣಗಿರುವಾಗಲೇ ಜೋಡಣೆಗಳಿಗೆ ಸೋಪಿನ ನೀರು ಸವರಿದೆವು; ಎರಡನೆಯ ಜೋಡಣೆಯಲ್ಲಿ ಗುಳ್ಳೆ ಎದ್ದಿತು, ಇನ್ನೊಂದು ಸುತ್ತು ಬಿಗಿದ ಮೇಲೆ ನಿಂತಿತು. ನೆಲದ ತೂತಿಗೆ ತಗಡು ವೆಲ್ಡ್ ಮಾಡಿಸುವ ಕೆಲಸ ಮಾತ್ರ ನಮ್ಮಿಂದ ಆಗುವಂಥದ್ದಲ್ಲ. ಮರುದಿನ ವೆಲ್ಡಿಂಗಿನವರ ಬಳಿ ಹೋದೆವು, ಅವರು ಕೆಲಸಕ್ಕೆ ಮುಂಚೆ ಬ್ಯಾಟರಿಯ ವಯರು ತಪ್ಪಿಸಿ, ಸೀಟನ್ನೂ ಕೆಳಗಿನ ಹಾಸನ್ನೂ ಹೊರಗೆ ತೆಗೆದಿಟ್ಟರು. ಹೇಳದೆಯೇ ಮಾಡಿದರು. ಕೆಲಸ ಬಲ್ಲವರ ಲಕ್ಷಣ ಅದು.

ಎಲ್ಲರೂ ಮನೆಯಲ್ಲೇ ಮಾಡಿ ಎಂದು ನಾನು ಹೇಳುತ್ತಿದ್ದೇನೆಂದು ಭಾವಿಸಬಾರದು. ಸರಿಯಾದ ಸ್ಟ್ಯಾಂಡು ಇಲ್ಲದವರು, ಒಬ್ಬರೇ ಇರುವವರು ಕೈ ಹಾಕಲೇಬಾರದು. ನಾನು ಹೇಳುವುದು ಬೇರೆ. ಮನೆಯಲ್ಲೇ ಮಾಡಬೇಕೆಂದು ನನಗೆ ಅನಿಸಿದ್ದು ಯಾಕೆ? ಗ್ಯಾರೇಜಿನಲ್ಲಿ ಏನು ಹಾಕಿದರು, ಏನು ತೆಗೆದರು ಎಂದು ಕೇಳಿದರೆ ಬರಹದಲ್ಲಿ ಉತ್ತರ ಸಿಗುವುದಿಲ್ಲ. ಹೊಸ ಸೈಲೆನ್ಸರಿನ ಪೆಟ್ಟಿಗೆಯ ಮೇಲೆ ಯಾವ ಕಾರಿಗೆ, ಯಾವ ಲೋಹ, ಎಷ್ಟು ಸದ್ದು ಎಂಬ ಒಂದು ಸಾಲೂ ಇರಲಿಲ್ಲ. ಬಿಲ್ಲು ಕೇಳಿದ್ದಕ್ಕೆ ತುಂಡು ಕಾಗದದಲ್ಲಿ ‘ಸೈಲೆನ್ಸರ್ 1’ ಎಂದು ಬರೆದು ಕೊಟ್ಟರು. ಮಾರುವವನಿಗೆ ಹೊಣೆ ಇಲ್ಲ, ಹಾಕುವವನಿಗೆ ಹೊಣೆ ಇಲ್ಲ, ದಂಡ ಮಾತ್ರ ಓಡಿಸುವವನಿಗೆ. ಕರ್ನಾಟಕದ ಊರುಗಳಲ್ಲಿ ವಶಪಡಿಸಿದ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸುವ ಚಿತ್ರಗಳನ್ನು ಆಗಾಗ ಪತ್ರಿಕೆಗಳಲ್ಲಿ ನೋಡುತ್ತೇವೆ. ನೋಡಲಿಕ್ಕೆ ಚಂದ. ಆದರೆ ಅವುಗಳನ್ನು ಮಾರಿದ ಅಂಗಡಿಯ ಬಾಗಿಲು ಮುಚ್ಚಿದ ಚಿತ್ರವನ್ನು ನಾನು ಇದುವರೆಗೆ ನೋಡಿಲ್ಲ.

ಮೋಟಾರು ವಾಹನ ಇಲಾಖೆಯವರು ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ಸೈಲೆನ್ಸರ್ ಮಾರುವವರು ಬಿಲ್ಲಿನಲ್ಲಿ ಕಾರಿನ ಮಾದರಿ ಬರೆಯಲಿ. ಕನ್ವರ್ಟರ್ ಬಿಚ್ಚಿದ ಗ್ಯಾರೇಜು ಯಾಕೆ ಬಿಚ್ಚಿತು, ಬದಲಿಗೆ ಏನು ಹಾಕಿತು ಎಂದು ಬರೆದು ಸಹಿ ಹಾಕಿ ಕೊಡಲಿ. ಹೊಗೆ ತಪಾಸಣೆಯ ಕೇಂದ್ರದಲ್ಲಿ ಸಲಾಕೆ ತೂರಿಸುವ ಮುಂಚೆ ಒಬ್ಬರು ಬಗ್ಗಿ ಅಡಿಯನ್ನು ನೋಡಲಿ, ಕಿವಿ ಕೊಟ್ಟು ಕೇಳಲಿ. ತೂತಿನ ಸದ್ದು ಕುರುಡನಿಗೂ ತಿಳಿಯುತ್ತದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲಿನಲ್ಲಿ ಶುಲ್ಕವನ್ನು 600ರಿಂದ 5,000 ರೂಪಾಯಿಗೆ ಏರಿಸಿದರು. ಅಷ್ಟು ತೆಗೆದುಕೊಳ್ಳುವಾಗ ಕಾರಿನ ನೆಲದಲ್ಲಿ ತೂತು ಉಂಟೋ ಎಂದು ನೋಡುವುದು ಜಾಸ್ತಿ ನಿರೀಕ್ಷೆಯೇ? ಕಾಸರಗೋಡು, ಮಂಜೇಶ್ವರ ತಾಲೂಕುಗಳ ಮಟ್ಟಿಗೆ ಈ ವಿಷಾನಿಲದ ಎಚ್ಚರಿಕೆಯ ಒಂದು ಕರಪತ್ರ ಕನ್ನಡದಲ್ಲಿಯೂ ಬರಲಿ. ನನ್ನ ತಾಯಿ ಓದಬಲ್ಲದ್ದು ಕನ್ನಡ ಒಂದೇ. ಹಿಂದಿನ ಸೀಟಿನಲ್ಲಿ ಕೂರುವವರು ಅವರೇ ಅಲ್ಲವೇ?

ಸಣ್ಣ ಗ್ಯಾರೇಜಿನವರನ್ನು ದೂರಿ ಮುಗಿಸುವುದು ನ್ಯಾಯವಲ್ಲ. ಅವರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಗೇ ಶಾಲೆ ಬಿಟ್ಟು ಸ್ಪಾನರ್ ಹಿಡಿದ ಹುಡುಗರು. ಕಾರ್ಬನ್ ಮಾನಾಕ್ಸೈಡ್ ಎಂಬ ಹೆಸರನ್ನು ಅವರಿಗೆ ಯಾರೂ ಹೇಳಿಲ್ಲ. ಗಿರಾಕಿ “ಸದ್ದು ನಿಲ್ಲಿಸಿ ಕೊಡಿ, ಕಡಿಮೆಯಲ್ಲಿ ಆಗ್ಬೇಕು” ಎನ್ನುತ್ತಾನೆ. ಅವರು ಸದ್ದು ನಿಲ್ಲಿಸುತ್ತಾರೆ. ನಾನು ಕೇಳಿದ್ದೂ ಅಷ್ಟನ್ನೇ. ಆ ಹೊಗೆಗೆ ಸದ್ದೇ ಒಂದು ಎಚ್ಚರಿಕೆಯಾಗಿತ್ತು. ತಗಡು ಸುತ್ತಿಸಿ ಅದನ್ನು ಮುಚ್ಚಿಸಿದವನು ನಾನೇ. ತಂಗಿಯ ಮಗನ ಪಾಲಿಟೆಕ್ನಿಕ್ಕಿನಂಥ ಸಂಸ್ಥೆಗಳು ವರ್ಷಕ್ಕೆ ಎರಡು ಆದಿತ್ಯವಾರ ಊರಿನ ಗ್ಯಾರೇಜಿನ ಹುಡುಗರನ್ನು ಕರೆದು ಕೂರಿಸಿ ಇಷ್ಟನ್ನು ಹೇಳಿಕೊಟ್ಟರೆ ಸಾಕು.

ಮುಂದಿನ ಪ್ರಯಾಣದಲ್ಲಿ ಅಮ್ಮ ತಲಪಾಡಿ ದಾಟುವ ತನಕ ಮಾತಾಡುತ್ತಲೇ ಇದ್ದರು. ತೊಕ್ಕೊಟ್ಟಿನ ಹತ್ತಿರ ನಿದ್ದೆ ಬಂತು. ನಾನು ಗಾಬರಿಯಿಂದ ಎಬ್ಬಿಸಿದೆ. “ಎಂತ ಮಗಾ, ಮಲಗಲಿಕ್ಕೂ ಬಿಡುದಿಲ್ವಾ?” ಎಂದು ಗದರಿದರು. ತಲೆನೋವು ಉಂಟಾ ಎಂದು ಕೇಳಿದೆ. ಇಲ್ಲವಂತೆ. ಆದರೂ ನೇತ್ರಾವತಿ ಸೇತುವೆ ಮುಗಿಯುವ ತನಕ ಹಿಂದಿನ ಗಾಜು ನಾಲ್ಕು ಬೆರಳು ಇಳಿಸಿಯೇ ಇಟ್ಟೆ.

ಹಳೆಯ ಕೊಳವೆ ಅಂಗಳದ ಮೂಲೆಯಲ್ಲಿ ಬಿದ್ದಿತ್ತು. ಮೊನ್ನೆ ಗುಜರಿಯವನು ಬಂದಿದ್ದ. ಅದನ್ನು ಕಾಲಿನಿಂದ ಒಮ್ಮೆ ಮಗುಚಿ ನೋಡಿ, “ಇದರಲ್ಲಿ ಕನ್ವರ್ಟರ್ ಇಲ್ವಲ್ಲ. ಕಾರಿನಲ್ಲಿ ಉಂಟಾ? ಉಂಟಾದ್ರೆ ಒಳ್ಳೆ ರೇಟು ಕೊಡ್ತೇನೆ” ಎಂದ. ಹುಡುಗ ಒಳಗಿನಿಂದಲೇ “ಕೊಡ್ಲಿಕ್ಕಿಲ್ಲ” ಎಂದು ಕೂಗಿದ. ಗುಜರಿಯವನು ತಕ್ಕಡಿ ತೆಗೆದು ತುಕ್ಕನ್ನು ಮಾತ್ರ ತೂಗಿಕೊಂಡು ಹೋದ.